ನೀನು ಮಾಡದ ಸಹಿ

ರಾಮದುರ್ಗ
12-12-2025, ಶುಕ್ರವಾರ

ಶೀತಲ್,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಆ ಹಾಳೆ ಹರಿದು ಹಾಕಿ, ಬರೀ ಹೆಸರಿನಿಂದ ಶುರು ಮಾಡಿದ್ದೇನೆ. ಪೂರ್ತಿ ಓದಿದ ಮೇಲೆ ಆ ಶಬ್ದ ಇರಬೇಕೋ ಬೇಡವೋ ನೀನೇ ಹೇಳು.

ಮೂರು ದಿನದಿಂದ ನಿನ್ನ ಫೋನು ಬಂದ್ ಇದೆ. ಅದಕ್ಕೇ ಇದನ್ನು ಸಾಲಹಳ್ಳಿ ಬಸ್ಸಿನ ಕಂಡಕ್ಟರ್ ಲಗಮಪ್ಪ ಕಾಕಾನ ಕೈಯಲ್ಲಿ ಕಳಿಸುತ್ತೇನೆ. ಮುಂಜಾನೆ ಸ್ಟ್ಯಾಂಡಿನಲ್ಲಿ ನಿನ್ನ ಬಗ್ಗೆ ಕೇಳಿದ್ದೆ. "ಅಕಿ ಸೀಟು ಖಾಲಿನ ಬರಾಕತ್ತೈತಿ ನೋಡವಾ. ಅವರಪ್ಪ ಮುತ್ತಪ್ಪ ಚಾದಂಗಡ್ಯಾಗ ಕುಂತು ಎಲ್ಲಾರ ಮುಂದ ಹೇಳತಾನ, ಮಗಳು ಸುಳ್ಳಿ ಅದಾಳ, ದೊಡ್ಡ ಸಾಹೇಬ್ರ ಮುಂದನ ಸಿಕ್ಕಬಿದ್ಲು ಅಂತ" ಅಂದ.

ಸುಳ್ಳಿ ನೀನಲ್ಲ ಶೀತಲ್. ನಾನು.

ಮಂಗಳವಾರ ವಿಶ್ವವಿದ್ಯಾಲಯದಲ್ಲಿ ಕುಲಸಚಿವರ ಆ ಕಚೇರಿಯಲ್ಲಿ ನಿನ್ನ ಮಗ್ಗುಲಿಗೆ ನಾನು ಕೂತಿದ್ದೆನಲ್ಲ. ನಿನ್ನ ಕೈಯಲ್ಲಿ ಅರ್ಜಿ ಇತ್ತು. ಊರಿನ ಮೊದಲ ಬಸ್ಸು ರಾಮದುರ್ಗ ಮುಟ್ಟುವುದೇ ಹತ್ತಕ್ಕೆ ಹತ್ತು ನಿಮಿಷ ಇದ್ದಾಗ, ರಸಾಯನಶಾಸ್ತ್ರದ ಪಿರಿಯಡ್ ಒಂಬತ್ತಕ್ಕೆ, ಅದಕ್ಕೇ ಹಾಜರಿ ಎಪ್ಪತ್ತೈದು ಮುಟ್ಟದೆ ಅರವತ್ತೆಂಟಕ್ಕೆ ನಿಂತಿದೆ, ಹಾಲ್ ಟಿಕೆಟ್ ಕೊಡಿರಿ ಎಂದು ಬರೆದಿದ್ದೆ. ವರ್ಷದ ಹಿಂದೆಯೇ ಅಭಿಪ್ರಾಯ ಪತ್ರದಲ್ಲಿ ಇದನ್ನು ತಿಳಿಸಿದ್ದೇನೆ, ಯಾರೂ ಏನೂ ಮಾಡಲಿಲ್ಲ ಎಂದೂ ಬರೆದಿದ್ದೆ. ಸಾಹೇಬರು ಕಾಲೇಜಿನಿಂದ ತರಿಸಿದ್ದ ಫೈಲು ತೆಗೆದು ನಿನ್ನ ಮುಂದೆ ತಿರುಗಿಸಿದರು. 'ವೇಳಾಪಟ್ಟಿ: ಅತ್ಯಂತ ತೃಪ್ತಿಕರ.' ಕೆಳಗೆ ನಿನ್ನ ಸಹಿ. ಪಕ್ಕದ ಹಾಳೆಯಲ್ಲಿ 'ಕೈಗೊಂಡ ಕ್ರಮ: ದೂರದ ಹಳ್ಳಿಗಳ ವಿದ್ಯಾರ್ಥಿನಿಯರ ಸಲಹೆಯಂತೆ ತರಗತಿಯ ವೇಳೆ ಬದಲಾಯಿಸಲಾಗಿದೆ.' ಯಾವ ವೇಳೆ? ಯಾವಾಗ ಬದಲಾಯಿತು? ಅದೇ ಒಂಬತ್ತು ಗಂಟೆ, ಅದೇ ಬಾಗಿಲು, ಅದೇ ಹೊರಗೆ ನಿಂತ ನೀವು ಏಳು ಹುಡುಗಿಯರು!

"ಇದು ನಿನ್ನ ಸಹಿ ಹೌದಿಲ್ಲೋ?" ಎಂದು ಅವರು ಕೇಳಿದಾಗ ನೀನು ಎಷ್ಟು ಹೊತ್ತು ಆ ಹಾಳೆ ನೋಡಿದೆ. "ಸಹಿ ನಂದ ಐತ್ರಿ. ಆದ್ರ ನಾ ಮಾಡಿಲ್ರಿ" ಅಂದೆ. ಅವರು ನಕ್ಕರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಆ ಸಹಿ ಮಾಡಿದ್ದು ನಾನು.

ಮೊದಲ ವರ್ಷದಲ್ಲಿ ನಿನ್ನ ಬಸ್ಸು ತಡವಾದಾಗಲೆಲ್ಲ ಹಾಜರಿ ಹಾಳೆಯಲ್ಲಿ ನಿನ್ನ ಸಹಿ ಮಾಡಿದವಳು ನಾನೇ ಅಲ್ಲವೇ? 'ಶೀ'ಗೆ ದೀರ್ಘ ಎಳೆದು, ಕೊನೆಗೆ ಎರಡು ಚುಕ್ಕೆ ಇಡುವುದನ್ನು ನೀನೇ ಕಲಿಸಿದ್ದೆ. ಗೆಳೆತನಕ್ಕೆ ಕಲಿತ ಕೈ ಅದು. ಆ ಕೈಯಿಂದಲೇ ನಿನ್ನ ಕುತ್ತಿಗೆ ಹಿಚುಕಿದ್ದೇನೆ.

ಆಗಿದ್ದು ಇಷ್ಟು. ಮಾರ್ಚಿನಲ್ಲಿ ತಪಾಸಣೆ ತಂಡ ಬರುವ ವಾರ. ಅಭಿಪ್ರಾಯ ಪತ್ರಗಳ ಉಸ್ತುವಾರಿ ಸುಭಾಸ ಸರ್ ಅವರದು. ಮೂರು ವರ್ಷದ ಫಾರ್ಮು ಬೇಕಿತ್ತು. ಅವರ ಹತ್ತಿರ ಇದ್ದದ್ದು ಒಂದೇ ವರ್ಷದ್ದು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ದೂರುಗಳೇ. ಅಕ್ಷರ ಚೆನ್ನಾಗಿದೆ ಎಂದು ನನ್ನನ್ನೂ ಇನ್ನು ನಾಲ್ಕು ಹುಡುಗಿಯರನ್ನೂ ಗ್ರಂಥಾಲಯದಲ್ಲಿ ಕೂಡಿಸಿದರು. ಎಂಟು ನಮೂನೆಯ ಪೆನ್ನು, ಚುರುಮುರಿ, ಚಹಾ. "ಒಂದ ಪೆನ್ನಲೆ ಬರೀಬ್ಯಾಡ್ರಿ, ನಾಕ ಬರದ ಮ್ಯಾಲ ಪೆನ್ನ ಬದಲ ಮಾಡ್ರಿ. ನಡುನಡುವ ಒಂದೆರಡು 'ಸಾಧಾರಣ' ಒಗೀರಿ, ಖರೇ ಅನಸಬೇಕು" ಅಂದರು ಸರ್. ಹುಡುಗಿಯರು ನಕ್ಕರು. ನಾನೂ ನಕ್ಕೆ.

ನೂರಾ ಹನ್ನೆರಡು ಫಾರ್ಮು ಬರೆದೆ. ಅದರಲ್ಲಿ ನಿನ್ನದು ಬಂತು. ನಿನ್ನ ಖರೇ ಫಾರ್ಮು ಎದುರಿಗೇ ಇತ್ತು. 'ಮೊದಲ ಪಿರಿಯಡ್ ಒಂದು ತಾಸು ಮುಂದಕ್ಕೆ ಹಾಕಿರಿ, ನಮ್ಮ ಭಾಗದಿಂದ ಏಳು ಹುಡುಗಿಯರು ಬರುತ್ತೇವೆ, ನಮಗೂ ಕಲಿಯುವ ಆಸೆ ಇದೆ' ಎಂದು ಬರೆದಿದ್ದೆ. ಹಾಳೆ ತುಂಬಿ ಹಿಂದಿನ ಮಗ್ಗುಲಿಗೂ ಬರೆದಿದ್ದೆ. ಅದನ್ನು ನೋಡುತ್ತ ನೋಡುತ್ತ 'ಅತ್ಯಂತ ತೃಪ್ತಿಕರ' ಎಂದು ಬರೆದು, ನಿನ್ನ ಸಹಿ ಮಾಡಿ, ಎರಡು ಚುಕ್ಕೆ ಇಟ್ಟೆ. ನಿನ್ನದನ್ನು ಸರ್ ಹರಿದು ಬುಟ್ಟಿಗೆ ಹಾಕಿದರು.

ನೆನಪಿದೆಯೇ, ಎರಡು ವರ್ಷದ ಹಿಂದೆ ಹುಡುಗಿಯರ ಮಾತು ಕೇಳಿರಿ ಎಂದು ಗೇಟಿನ ಮುಂದೆ ಹಲಗೆ ಬಾರಿಸಿ ಕೂತವರು ನಾವು. ಘೋಷಣೆ ಕೂಗಿ ನನ್ನ ಗಂಟಲು ಬಿದ್ದಿತ್ತು. ಆ ಧರಣಿಯಿಂದಲೇ ಈ ಫಾರ್ಮು ಬಂದವು. ಗೆದ್ದೆವು ಎಂದು ಕುಣಿದೆವು. ಗೆದ್ದದ್ದು ಏನು? ಅವರು ನಮಗೆ ಕಿವಿ ಕೊಡಲಿಲ್ಲ, ಕಿವಿಯ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ನಾವು ಬಾಯಿ ಬಿಟ್ಟು ಹೇಳಿದ್ದು ಬುಟ್ಟಿಗೆ, ಹೇಳದೇ ಇದ್ದದ್ದು ಫೈಲಿಗೆ. ನಾಳೆ ಹಸಿವು ಎಂದು ಅತ್ತರೆ ಉಂಡಿದ್ದೇನೆ ಎಂದು ಸಹಿ ಮಾಡಿದ ಹಾಳೆ ತೋರಿಸುತ್ತಾರೆ ಇವರು. ಆ ಹಾಳೆ ಬರೆದುಕೊಡಲು ನನ್ನಂಥವಳು ಒಬ್ಬಳು ಯಾವಾಗಲೂ ಸಿಗುತ್ತಾಳೆ.

ಇಷ್ಟು ಸಿಟ್ಟು ಇರುವವಳು ಮಂಗಳವಾರ ಯಾಕೆ ಬಾಯಿ ಬಿಡಲಿಲ್ಲ ಎಂದು ನೀನು ಕೇಳಬೇಕು. ಕೇಳು. ತಿರುಗಿ ಬರುವಾಗ ಸವದತ್ತಿ ಸ್ಟ್ಯಾಂಡಿನಲ್ಲಿ ತಿನ್ನಲು ಗಿರ್ಮಿಟ್ ತಂದುಕೊಟ್ಟೆ, ನೀನು ಮುಟ್ಟಲಿಲ್ಲ. ಕಾಲೇಜಿನಿಂದ ಆಗಲೇ ಸುದ್ದಿ ಮುಟ್ಟಿ ನಿನ್ನ ಅಪ್ಪನ ಫೋನು ಬಂತು. "ಸಾಕಿನ್ನ, ಪುಸ್ತಕ ಕಟ್ಟಿ ಇಡು, ಸಾಹೇಬ್ರ ಮುಂದ ನನ್ನ ಮಾನಾ ಕಳದಿ" ಎಂಬುದು ನನಗೂ ಕೇಳಿಸಿತು. ಫೋನು ಇಟ್ಟ ಮೇಲೆ ನೀನು ನನ್ನ ಕೈ ಹಿಡಿದು ಕೇಳಿದೆ: "ಸ್ನೇಹಲ್, ಖರೇ ಹೇಳಲೇ. ನಾನ ಮಾಡೀನೇನ ಆ ಸಹಿ? ನನ್ನ ತಲಿ ಕೆಟ್ಟೈತೇನ?"

ನಾನು ಏನಂದೆ? "ಟೆನ್ಶನ್‌ದಾಗ ಮಾಡಿರಬೇಕ ಬಿಡು, ನೆನಪಿರಂಗಿಲ್ಲ."

ಆ ಮಾತು ನನ್ನನ್ನು ಮೂರು ದಿನದಿಂದ ತಿನ್ನುತ್ತಿದೆ. ಫಾರ್ಮು ಬರೆದದ್ದು ಒಂದು ತಪ್ಪು. ನಿನ್ನ ಬುದ್ಧಿಯ ಮೇಲೆ ನಿನಗೇ ನಂಬಿಕೆ ಹೋಗುವಂತೆ ಮಾಡಿದ್ದು ಪಾಪ. ಶೀತಲ್, ನಿನ್ನ ತಲೆ ಸರಿ ಇದೆ. ನೆನಪು ಸರಿ ಇದೆ. ನೀನು ಹೇಳಿದ ಒಂದೊಂದು ಅಕ್ಷರವೂ ಖರೇ. ಈ ನಾಲ್ಕು ಸಾಲನ್ನು ನಿನ್ನ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ಚಹಾದಂಗಡಿಯಲ್ಲೇ ಓದು.

ಇಂದು ಮಧ್ಯಾಹ್ನ ಸುಭಾಸ ಸರ್ ಹತ್ತಿರ ಹೋಗಿ, ಎಲ್ಲ ಬರೆದುಕೊಡುತ್ತೇನೆ ಅಂದೆ. ಬಾಗಿಲು ಹಾಕಿದರು. "ಬರದ ಕೊಡವಾ, ಯಾರ ಬ್ಯಾಡಂತಾರ? ಖೊಟ್ಟಿ ಸಹಿ ಮಾಡಿದಾಕಿ ನೀನು. ಮೊದಲ ನಿನ್ನ ಡಿಬಾರ್ ಮಾಡತಾರ. ನಾ ಏನ ಬರಸೀನಿ ಅನ್ನಾಕ ಸಾಕ್ಷಿ ಏನೈತಿ?" ಅಂದರು. ಆಮೇಲೆ ದನಿ ಇಳಿಸಿ, "ನನ್ನ ನೌಕರಿನೂ ಇದರ ಮ್ಯಾಲ ನಿಂತೈತಿ ತಂಗೀ" ಅಂದರು. ಆದರೆ ಕನಿಕರ ಪಡಲು ನನ್ನ ಹತ್ತಿರ ವೇಳೆ ಇಲ್ಲ.

ಬುಧವಾರ ಪರೀಕ್ಷೆ. ಹಾಲ್ ಟಿಕೆಟ್ ಕೊಡುವುದಾದರೆ ಸೋಮವಾರ ಸಂಜೆಯೊಳಗೆ. ನಾನು ಕುಲಸಚಿವರಿಗೆ ನಾಲ್ಕು ಪುಟದ ಅರ್ಜಿ ಬರೆದಿದ್ದೇನೆ. ನಿನ್ನ ಸಹಿಯನ್ನು ಅವರ ಎದುರೇ ಹತ್ತು ಸಲ ಮಾಡಿ ತೋರಿಸುತ್ತೇನೆ ಎಂದೂ ಬರೆದಿದ್ದೇನೆ. ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪಲಿಕ್ಕಿಲ್ಲ. ಆದರೆ ನಾನೊಬ್ಬಳೇ ಹೋದರೆ ಹುಚ್ಚಿ ಎನ್ನುತ್ತಾರೆ. ನೀನು ಎದುರಿಗಿದ್ದರೆ ಎರಡು ಸಹಿ ಎರಡು ಕೈಯವು ಎಂದು ಕಣ್ಣಿಗೆ ಕಾಣುತ್ತದೆ. ನೀವು ಏಳೂ ಮಂದಿ ಬಂದರೆ ಆ ಬಾಗಿಲಿಗೆ ಅಡ್ಡ ಕೂಡೋಣ. ಅಪ್ಪ ಬೈದರೂ ಸೋಮವಾರ ಮೊದಲ ಬಸ್ಸಿಗೆ ಬಾ. ನನ್ನ ಮುಖಕ್ಕೆ ಉಗುಳುವುದಕ್ಕಾದರೂ ಬಾ. ಬಸ್ಸಿನಿಂದ ಇಳಿದ ಮೇಲೆ ನನ್ನ ಸಂಗಡ ಮಾತಾಡಬೇಡ, ಬರೀ ಮಗ್ಗುಲಿಗೆ ನಡೆ.

ನಿನ್ನ ಹೆಸರು ಬರೆಯುವ ಹಕ್ಕು ಕಳಕೊಂಡ,
ಸ್ನೇಹಲ್

ತಾ.ಕ.: ಅಕ್ಷರ ಚೆನ್ನಾಗಿದೆ ಎಂದು ನನ್ನನ್ನು ಕರೆದರು ಎಂದು ಮೇಲೆ ಬರೆದೆ. ಅದೂ ಸುಳ್ಳು. ನಾನೇ ಹೋಗಿದ್ದೆ. ಆಗ ನನ್ನ ಹಾಜರಿ ಅರವತ್ತೊಂದಿತ್ತು. ಬಸ್ಸು ತಪ್ಪಿ ಅಲ್ಲ. ಹಾಸ್ಟೆಲಿನಿಂದ ಕಾಲೇಜು ಐದು ನಿಮಿಷ, ನಾನು ಮಲಗಿರುತ್ತಿದ್ದೆ. ಶಾರ್ಟೇಜ್ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದು ಸರ್ ಕಾಲು ಹಿಡಿದೆ, ಅವರು ಪೆನ್ನು ಕೊಟ್ಟರು. ಈ ಒಂದು ಮಾತು ಅರ್ಜಿಯ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಮೂರು ಸಲ ಬರೆಯಲು ಕೂತೆ, ಆಗಲಿಲ್ಲ. ಕೊನೆಯ ಪುಟದಲ್ಲಿ ನನ್ನ ಸಹಿಯ ಮೇಲೆ ಮೂರು ಸಾಲಿನ ಜಾಗ ಬಿಟ್ಟಿದ್ದೇನೆ. ಸೋಮವಾರ ನೀನು ಎದುರಿಗೆ ನಿಂತು ಬರೆಸು.