ಹೌಗನ್ ಅವರ ಚುಕ್ಕೆ

ಜೂನ್ 10, ಮಂಗಳವಾರ

ಇವತ್ತೂ ಅದೇ. ಡಯಾಲಿಸಿಸ್ ಶುರುವಾಗುವ ಮುಂಚೆ ಕುರ್ಚಿಯಿಂದ ಕುರ್ಚಿಗೆ ಹೋಗು, ಮುಷ್ಟಿಯ ಬಲ ಅಳೆಯುವ ಯಂತ್ರ ಕೈಗೆ ಕೊಡು, ಮುಳ್ಳು ನನ್ನ ಕಡೆಗಿರಲಿ, ಬರೆದುಕೋ. ಎಲ್ಲರಿಗೂ ಒಂದೇ ಮಾತು — "ಜೋರಾಗಿ ಹಿಸುಕಿ. ಸಾಕು. ಬಿಡಿ." ಒಂದು ಪದ ಹೆಚ್ಚಾಗಬಾರದು. ಹುರಿದುಂಬಿಸಿದರೆ ಬಲ ಬದಲಾಗುತ್ತದಂತೆ. ನಂಬರನ್ನೂ ಹೇಳುವಂತಿಲ್ಲ. ಮೆಡಿಕಲ್ ಮೊದಲ ವರ್ಷ ಮುಗಿಸಿದವಳ ಬೇಸಿಗೆ ರಿಸರ್ಚ್ ತರಬೇತಿ ಅಂದರೆ ಇದು. ಗಿಳಿಪಾಠ.

ಕಿಟಕಿ ಪಕ್ಕದ ಕುರ್ಚಿ ಆರ್ವಿಲ್ ಹೌಗನ್ ಅವರದು. ಡುಲೂತ್ ಬಂದರಿನಲ್ಲಿ ಅದಿರಿನ ಹಡಗುಗಳಿಗೆ ಹಗ್ಗ ಕಟ್ಟುತ್ತಿದ್ದವರು. ಕೈ ನೋಡಿದರೇ ಗೊತ್ತಾಗುತ್ತದೆ.

"ಏನ್ ಡಾಕ್ಟ್ರೇ, ಏರ್ತಾ ಇಳೀತಾ?"

"ಹೇಳಂಗಿಲ್ಲ ಮಿಸ್ಟರ್ ಹೌಗನ್. ನಾನಿನ್ನೂ ಡಾಕ್ಟರೂ ಅಲ್ಲ."

"ಗೊತ್ತು ಬಿಡು. ಡಾಕ್ಟರ್ ಆಗಿದ್ರೆ ಇಷ್ಟೊತ್ತು ನಿಲ್ತಿದ್ಯಾ ಇಲ್ಲಿ?"

ಹೆಂಡತಿ ವರ್ನಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಬಾಯಿ ಬಲ ಅಳೆಯೋ ಯಂತ್ರ ಇದ್ರೆ ಹೇಳು ಟೆಸ್ಸಾ. ಇವರೇ ಫಸ್ಟು."

ಕೊನೆಗೆ ಎಲ್ಲರ ಅಳತೆಯ ಗ್ರಾಫ್ ಹಾಕಿ ಪೋಸ್ಟರ್ ಮಾಡ್ತೀವಿ, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಅಂದೆ. ಹೌಗನ್ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ — "ಕಿಡ್ನಿ ಹೋಯ್ತು, ಕಾಲು ಹೋಯ್ತು. ಈ ಕೈಯಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಸೈನ್ ಹಾಕ್ದೆ. ನನ್ನ ಚುಕ್ಕೆ ವರ್ನಾಗೆ ತೋರಿಸ್ಬೇಕು ನೀನು."

ಖಂಡಿತ ಅಂದೆ. ಎಷ್ಟು ಸಲೀಸಾಗಿ ಅಂದೆ.

ಜೂನ್ 24

ಹೌಗನ್ ಅವರದು ಇಳಿದಿದೆ. ಹೋದ ವಾರವೂ ಇಳಿದಿತ್ತು. ನನ್ನ ಮುಖ ನೋಡಿ ಓದಲು ನೋಡುತ್ತಾರೆ. ಮುಖಕ್ಕೆ ಪ್ರೋಟೋಕಾಲ್ ಇಲ್ಲವಲ್ಲ.

ಡಾ. ಕೆಸ್ಲರ್ ನನ್ನ ಗೈಡ್. ಅವರಿಗೆ ಹೇಳಿದೆ. "ಇಳಿಯತ್ತೆ ಟೆಸ್ಸಾ. ಎಷ್ಟು ಇಳಿಯತ್ತೆ ಅಂತ ತಾನೇ ಅಳೀತಿರೋದು? ಅವರ ಡಾಕ್ಟರಿಗೆ ಗೊತ್ತಿದೆ, ಮಾಡೋದೆಲ್ಲ ಮಾಡ್ತಿದಾರೆ. ನೀನು ಅಳೆ."

ಅಳೆಯುತ್ತೇನೆ. ಇನ್ನೇನು ಮಾಡಲಿ.

ಜುಲೈ 15, ಮಂಗಳವಾರ

ಕೊನೆಯ ಅಳತೆ. ಶುರುವಿನದೂ ಕೊನೆಯದೂ ಸೇರಿದರೇ ಚುಕ್ಕೆ.

ಮುಳ್ಳು ಅಲ್ಲಾಡಲೇ ಇಲ್ಲ. ಕಣ್ಣು ಮುಚ್ಚಿ ಹಿಸುಕುತ್ತಿದ್ದರು, ಕುತ್ತಿಗೆಯ ನರ ಉಬ್ಬಿತ್ತು. ವರ್ನಾ ಹೆಣಿಗೆ ನಿಲ್ಲಿಸಿದ್ದರು. ತಡೆಯಲಾಗಲಿಲ್ಲ.

"ಬಿಡ್ಬೇಡಿ ಮಿಸ್ಟರ್ ಹೌಗನ್! ಇನ್ನೂ... ಇನ್ನೂ ಸ್ವಲ್ಪ... ಹಾಂ! ಹಾಂ!"

ಮುಳ್ಳು ಏರಿತು. ನಕ್ಕರು. ನಾನೂ ನಕ್ಕೆ.

ಪರದೆಯಾಚೆ ನಮ್ಮ ಕೋಆರ್ಡಿನೇಟರ್ ಲೋರ್ನಾ. "ಕೇಳಿಸ್ತು ಕಣೆ. ಕೇಳಿಸ್ಲಿಲ್ಲ ಅನ್ನೋಕಾಗಲ್ಲ ನಂಗೆ."

ಸಂಜೆ ಕೆಸ್ಲರ್ — ಇವತ್ತಿನದು ಲೆಕ್ಕಕ್ಕಿಲ್ಲ. ಮುಂದಿನ ಮಂಗಳವಾರ ಮತ್ತೆ ಅಳೆ. ಅದೂ ಸಿಗದಿದ್ದರೆ ಅವರು ಗ್ರಾಫಿನಲ್ಲಿಲ್ಲ.

ಒಂದು ವಾರ ತಾನೇ. ಸಿಗುತ್ತಾರೆ.

ಜುಲೈ 22, ಮಂಗಳವಾರ

ಕುರ್ಚಿ ಖಾಲಿ. ನ್ಯುಮೋನಿಯಾ. ಮೇಲಿನ ವಾರ್ಡಿನಲ್ಲಿದ್ದಾರೆ.

ಯಂತ್ರ ಮೇಲೆ ಒಯ್ಯಲಾ ಅಂತ ಕೇಳಿದೆ. ಇಲ್ಲ. ಇದೇ ಕುರ್ಚಿಯಲ್ಲಿ, ಡಯಾಲಿಸಿಸ್‌ಗೆ ಮುಂಚೆ ಅಳೆದದ್ದು ಮಾತ್ರ ಲೆಕ್ಕ. ಕೆಸ್ಲರ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೈಯೆಲ್ಲ ಉರಿಯುವುದು ಅದಕ್ಕೇ. ಬೈಯೋಣವೆಂದರೆ ಯಾರೂ ಸಿಗುತ್ತಿಲ್ಲ, ನನ್ನನ್ನು ಬಿಟ್ಟರೆ.

ಜುಲೈ 24

ಬರಿಗೈಲಿ ಮೇಲೆ ಹೋದೆ. ಆಕ್ಸಿಜನ್ ಹಾಕಿದ್ದರು. ನನ್ನನ್ನು ಕಂಡದ್ದೇ ಕೈ ಚಾಚಿದರು.

"ತಂದಿಲ್ವಾ ಯಂತ್ರ?"

"ಕೆಳಗಿದೆ."

"ಮತ್ತೆ ನೀನ್ಯಾಕ್ ಬಂದೆ?" ನಗಲು ಹೋಗಿ ಕೆಮ್ಮಿದರು.

ನನ್ನ ಎರಡು ಬೆರಳು ಕೊಟ್ಟೆ. ಹಿಸುಕಿದರು. ಹಿಸುಕಿದರು ಅಂತ ಅವರ ಮುಖ ನೋಡಿ ತಿಳಿಯಿತು, ಬೆರಳಿಗೆ ಗೊತ್ತೇ ಆಗಲಿಲ್ಲ.

"ಏರ್ತಾ ಇಳೀತಾ?"

"ಏರ್ತು."

"ನೋಡಿದ್ಯಾ ವರ್ನಾ."

ಜುಲೈ 29

ಭಾನುವಾರ ಹೋಗಿಬಿಟ್ಟರಂತೆ. ಲೋರ್ನಾ ಹೇಳಿದಳು. ಅವರ ಕುರ್ಚಿಯಲ್ಲಿ ಆಗಲೇ ಬೇರೆಯವರು. ಜೋರಾಗಿ ಹಿಸುಕಿ. ಸಾಕು. ಬಿಡಿ.

ಆಗಸ್ಟ್ 5

ವರ್ನಾ ಫೋನ್. "ಪೋಸ್ಟರ್ ತೋರ್ಸೋದು ಶುಕ್ರವಾರ ತಾನೇ? ಅಕ್ಕನ ಮಗ ಕರ್ಕೊಂಡ್ ಬರ್ತಾನೆ." ಚುಕ್ಕೆ ಇಲ್ಲ ಅಂತ ಹೇಳಿಬಿಡಬೇಕಿತ್ತು. "ಪಾರ್ಕಿಂಗ್ ಹಿಂದಿನ ಗೇಟಲ್ಲಿ" ಅಂದೆ.

ಮಧ್ಯಾಹ್ನ ಕೆಸ್ಲರ್ ಹತ್ತಿರ ಗೋಗರೆದೆ. ಬೇರೆ ಬಣ್ಣದಲ್ಲಿ? ಮೂಲೆಯಲ್ಲಿ? ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇಲ್ಲದ ಅಳತೆಯನ್ನ ಎಲ್ಲಿ ಕೂರಿಸ್ಲಿ, ಟೆಸ್ಸಾ?"

ಆಗಸ್ಟ್ 8, ಶುಕ್ರವಾರ

ಪೋಸ್ಟರ್ ದಿನ ಮುಗಿಯಿತು. ಪ್ರೊಫೆಸರುಗಳು ನನ್ನ ಮುಂದೆ ನಿಂತರು, ತಲೆಯಾಡಿಸಿದರು. ಒಳ್ಳೆಯ ಗ್ರಾಫ್ ಅಂದರು.

ವರ್ನಾ ಚರ್ಚಿಗೆ ಹಾಕುವ ನೀಲಿ ಕೋಟು, ತೆಳು ಕೈಗವಸಿನಲ್ಲಿ ಬಂದರು. ಡಬ್ಬಿ ತುಂಬ ನಿಂಬೆಯ ಸಿಹಿ, ಎಲ್ಲರಿಗೂ ಹಂಚಿದರು, ಕೆಸ್ಲರ್‌ಗೂ. ಆಮೇಲೆ ಪೋಸ್ಟರಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ಎಷ್ಟೊಂದು ಜನ! ನಮ್ಮೋರದ್ದು ಯಾವ್ದಮ್ಮ?"

ಕೆಸ್ಲರ್ ನನ್ನನ್ನು ನೋಡಿದರು. ತಕ್ಷಣ ಕಾಫಿ ಕಡೆ ನಡೆದರು.

ಎಲ್ಲಕ್ಕಿಂತ ಮೇಲಿದ್ದ ಚುಕ್ಕೆಯ ಮೇಲೆ ಬೆರಳಿಟ್ಟೆ.

"ನಂಗೊತ್ತಿತ್ತು," ಅಂದರು ವರ್ನಾ. ಕೈಗವಸು ಬಿಚ್ಚಿ ಅದನ್ನು ಮುಟ್ಟಿದರು. ಮುಟ್ಟಿಕೊಂಡೇ ನಿಂತರು. "ಫೋಟೋ ತೆಗೆದ್ಕೊಡು. ಅಡುಗೆಮನೇಲಿ ಹಾಕ್ತೀನಿ."

ತೆಗೆದುಕೊಟ್ಟೆ. ಆ ಚುಕ್ಕೆ ಬಾಗಿಲ ಹತ್ತಿರದ ಕುರ್ಚಿಯವರದು, ಹೆಸರು — ಬೇಡ, ಬರೆಯುವುದಿಲ್ಲ.