"ಗೊತ್ತಿಲ್ಲ" ಎಂದು ಬರೆದ ಹೆಸರು

ಶಹಾಬಾದ
೧೨ ಜುಲೈ ೧೯೭೪

ಪ್ರೀತಿಯ ಮಗ ಶೌಕತ ಅಲಿಗೆ ನಿನ್ನ ಮಾಶಾಬಿ ಖಾಲಾಳ ದುವಾ.

ಸೊಸೆ ಹಸೀನಾಬೇಗಂಳ ಕಾಲಿನ ಬಾವು ಇಳಿಯಿತೆ? ಮೊಮ್ಮಗ ಸರ್ದಾರನ ಕೆಮ್ಮು ಹೇಗಿದೆ? ನಮ್ಮ ಮನೆಯವರಿಗೆ, ನಿನ್ನ ಖಾಲೂಗೆ, ಕಲ್ಲುಗಣಿಯ ದೂಳಿನಿಂದ ಸ್ವಲ್ಪ ಉಬ್ಬಸ. ಮಿಕ್ಕಂತೆ ಆರಾಮ.

ಈಗ ನನ್ನನ್ನು ಕೊರೆಯುತ್ತಿರುವ ಮಾತು. ಮಗಳು ಹೀರಾಳನ್ನು ನಿನ್ನ ಶಾಲೆಗೆ ಸೇರಿಸಲು ಬಂದ ಭೀಮಬಾಯಿಯನ್ನು ನೀನು ನಾಲ್ಕು ಗಂಡಸರ ಎದುರು ಗಂಡನ ಹೆಸರು ಕೇಳಿದೆಯಂತೆ. "ನಾ ಹ್ಯಾಂಗ ಹೇಳ್ಲಿರಿ ಮಾಸ್ತರ್ರ, ಬ್ಯಾರೆಯವ್ರಿಗಿ ಕೇಳ್ರಿ" ಎಂದು ಅವಳು ಸೆರಗು ಎಳೆದುಕೊಂಡಳಂತೆ. "ಯಾವ ಕಾಲದಾಗ ಇದ್ದೀಯವ್ವಾ?" ಎಂದು ನೀನು ನಕ್ಕು, ರಜಿಸ್ಟರಿನಲ್ಲಿ ತಂದೆಯ ಹೆಸರಿನ ಎದುರು "ಗೊತ್ತಿಲ್ಲ" ಎಂದು ಬರೆದೆ.

ಅವಳ ಗಂಡ ಜಟ್ಟೆಪ್ಪ ವಾಡಿಯ ಕಾರ್ಖಾನೆಯಿಂದ ರಜೆಗೆ ಬಂದವನು, ಅಲ್ಲಿ ಕೊಡಲು ಮಗಳ ಶಾಲೆಯ ದಾಖಲೆ ಕೇಳಿದ. ನೀನು ಇರಲಿಲ್ಲ. ಇನ್ನೊಬ್ಬ ಮಾಸ್ತರರು ರಜಿಸ್ಟರಿನಲ್ಲಿ ಇದ್ದಂತೆಯೇ ನಕಲು ಬರೆದುಕೊಟ್ಟರು. ಓದು ಬಾರದ ಅವನು ಚಹಾದ ಅಂಗಡಿಯಲ್ಲಿ ಓದಿಸಿದಾಗ ಒಬ್ಬ, "ಜಟ್ಟೆಪ್ಪಣ್ಣ, ನಿನ್ನ ಮಗಳಿಗಿ ಅಪ್ಪ ಯಾರಂತ ಗೊತ್ತಿಲ್ಲಂತ ಬರದಾರಲ್ಲೋ!" ಎಂದು ಹಲ್ಲು ಕಿಸಿದನಂತೆ. ಆಮೇಲೆ ಆ ಮನೆಯಲ್ಲಿ ಏನಾಗಿರಬಹುದು, ನೀನೇ ಯೋಚಿಸು. ಹೀರಾಳನ್ನು ಶಾಲೆ ಬಿಡಿಸುತ್ತೇನೆ ಎಂದಿದ್ದಾನೆ.

ಶೌಕತ, ನಾನೂ ಇವತ್ತಿನವರೆಗೆ ನಿನ್ನ ಖಾಲೂನ ಹೆಸರು ಬಾಯಿಬಿಟ್ಟು ಹೇಳಿಲ್ಲ. ರೇಷನ್ ಅಂಗಡಿಯಲ್ಲಿ ನನ್ನ ಪರವಾಗಿ ಅವರ ಹೆಸರು ಹೇಳುತ್ತಿದ್ದವನು ನೀನೇ, ನನ್ನ ಮನೆಯಲ್ಲಿ ಬೆಳೆಯುತ್ತಿದ್ದ ಅಕ್ಕನ ಮಗ, ಆರು ವರ್ಷದ ಪೋರ. ಆಗ ಗೊತ್ತಿದ್ದದ್ದು ಟ್ರೇನಿಂಗ್ ಮುಗಿಸಿದ ಮೇಲೆ ಹೇಗೆ ಮರೆತುಹೋಯಿತು? ನೀನು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ತಿದ್ದುವಾಗ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತವಳು ನಾನು. ಓದಿನ ಬೆಲೆ ನನಗೂ ಗೊತ್ತು. ಆ ರೂಢಿ ಸರಿಯೋ ತಪ್ಪೋ, ಆಮೇಲೆ ಜಗಳಾಡೋಣ. ಆದರೆ ನೀನು ಬರೆದದ್ದು ಸುಳ್ಳು.

ನಾಡಿದ್ದು ಜಟ್ಟೆಪ್ಪ ಡ್ಯೂಟಿಗೆ ಹೊರಡುತ್ತಾನೆ. ಅವನನ್ನು ಶಾಲೆಗೆ ಕರೆಸಬೇಡ. ಅಷ್ಟರೊಳಗೆ ನೀನೇ ಆ ಚಹಾದ ಅಂಗಡಿಗೆ ಹೋಗಿ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳು. ರಜಿಸ್ಟರಿನಲ್ಲಿ ಅದನ್ನು ಹೊಡೆದುಹಾಕಿ ಅವನ ಹೆಸರು ಬರೆದರೆ ಮೇಲಿನವರು ಬೈಯುತ್ತಾರೆ. ಬೈಸಿಕೊ.

ನಿನ್ನ ಊರಿಗೆ ಬರುವ ಕಾಳಗಿ ಬಸ್ಸಿನ ಕಂಡಕ್ಟರ್ ಮೌಲಾಲಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನು ಮರಳುವ ಬಸ್ಸಿಗೇ ಎರಡು ಸಾಲಾದರೂ ಬರೆದು ಕೊಡು.

ನಿನ್ನ ದಾರಿ ಕಾಯುವ ಖಾಲಾ,
ಮಾಶಾಬಿ

ತಾ.ಕ.: ಭೀಮಬಾಯಿ ಮಗಳೊಂದಿಗೆ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ತವರು ನಮ್ಮ ಓಣಿಯೇ. ಅಲ್ಲಿಗೆ ಹೋಗಲು ನಾಚಿ ನನ್ನ ಬಾಗಿಲಿಗೆ ಬಂದಳು. "ಅವ್ರು ಹೊಡದದ್ದು ಬರೀಬ್ಯಾಡ್ರಿ" ಎಂದು ಕೈ ಮುಗಿದಳು, ಅದಕ್ಕೇ ಮೇಲೆ ಬರೆಯಲಿಲ್ಲ. ಎಡಗಣ್ಣು ಬಾತು ಮುಚ್ಚಿಹೋಗಿದೆ. ಮೊದಲು ನಿನ್ನ ಉತ್ತರ ಬರಲಿ, ಆಮೇಲೆ ಜಟ್ಟೆಪ್ಪ ನನ್ನೆದುರು ಬಂದು ನಿಲ್ಲಲಿ. ಅಲ್ಲಿಯವರೆಗೆ ಇವರಿಬ್ಬರನ್ನೂ ನಾನು ಕಳಿಸುವುದಿಲ್ಲ. ಬೇಗ ಬರೆ.