ಗುಡ್ಡಕ್ಕ ಕೊಡದ ಕಾಯಿ

೧೩ ಫೆಬ್ರುವರಿ ೧೯೨೯, ಬುಧವಾರ. ಪುಣೆ

ಕಲ್ಲು ಒಡಿಯೂ ಮುರುಗೆಪ್ಪನ ಮುಖ ಕಣ್ಣಮುಂದಿಂದ ಹೋಗವಲ್ದು.

ಕಾತ್ರಜದ ಖಣಿಯೊಳಗ ಮದ್ದು ಹಾರಿಸೂ ಮೊದಲು ಅಂವಾ ದಿನಾ ಕಲ್ಲಿಗೆ ಕುಂಕುಮ ಹಚ್ಚಿ ಕಾಯಿ ಒಡೀತಿದ್ದ. ಅರ್ಧ ತಾಸು ಹಾಳಾಗ್ತದಂತ ಖಣಿ ಸಾಹೇಬ ಇವತ್ತಿನಿಂದ ಅದನ್ನ ನಿಲ್ಲಿಸ್ಯಾನ. ಹೇಳೂ ಕೆಲಸ ಕಾರಕೂನ ಆದ ನನ್ನ ಪಾಲಿಗೆ ಬಂತು.

"ಕೇಳದನ ಕಲ್ಲು ಹ್ಯಾಂಗ ಒಡೀಲ್ರಿ, ರಾಯರ? ಗುಡ್ಡ ಅಂದ್ರ ತಾಯಿ ಅದಾಳ," ಅಂದ. ಆಮ್ಯಾಲ ಕಾಯಿ ಒಡೀದನ ಚೀಲದಾಗ ಹಾಕ್ಕೊಂಡು ಹೋಗಿ ಮದ್ದಿನ ಬತ್ತಿಗೆ ಕಡ್ಡಿ ಕೊರದ.

ಮೊನ್ನೆ ಕಾಲೇಜಿನ ಮಾಸ್ತರೊಬ್ಬರು ಬಂದು ಹೇಳಿದ್ದರು. ಈ ಗುಡ್ಡ ಒಂದು ಕಾಲಕ್ಕ ಬೆಂಕಿಯಾಗಿ ಹರಿದು, ಪದರ ಪದರ ಆರಿ ಕಲ್ಲಾದದ್ದಂತ. ಆಗ ಮನುಷ್ಯಾ ಅನ್ನಾಂವ ಹುಟ್ಟೇ ಇದ್ದಿಲ್ಲಂತ. ಕೋಟ್ಯಂತರ ವರ್ಷದ ಕಲ್ಲು. ನಾವು ಅರ್ಧ ತಾಸು ಉಳಸ್ತೀವಿ!

ಮುಂಜಾನೆ ಹಾಸಿಗಿಂದ ಕಾಲು ಇಳಿಸೂ ಮೊದಲು ನೆಲಾ ಮುಟ್ಟಿ, "ತುಳೀತೀನಿ, ಕ್ಷಮಿಸವ್ವಾ" ಅನಬೇಕಂತ ಅವ್ವ ಕಲಿಸಿದ್ದಳು. ಇವತ್ತಿನ ತನಕ ಒಂದಿನಾನೂ ತಪ್ಪಿಸಿಲ್ಲ.

ನಾಳಿಗೆ ಹನ್ನೆರಡು ಕುಳಿಗೆ ಮದ್ದು ತುಂಬಬೇಕಂತ ಚೀಟಿ ಬರಕೊಟ್ಟು ಬಂದೀನಿ. ನಾ ಒಲ್ಲೆ ಅಂದಿದ್ದರ ಇನ್ನೊಬ್ಬಾಂವ ಬರೀತಿದ್ದ, ಖರೆ. ಆದರೂ ನಾಳೆ ಮುಂಜಾನೆ ನೆಲಾ ಮುಟ್ಟಿ, ಬರೇ ಕಾಲು ತಾಗಿದ್ದಕ್ಕ ಹ್ಯಾಂಗ ಕ್ಷಮಾ ಕೇಳಲಿ?